ಸೋಲು ಯಾರ ಪಾಲು?

(ಯುವಜನರ ಕ್ರೀಡಾ ಚಲನಚಿತ್ರಗಳ ಆಕರ್ಷಣೆಯನ್ನು ಕುರಿತ ಉಪನ್ಯಾಸದ ಬರಹರೂಪ)

ಜಪಾನಿನಲ್ಲಿ ಪ್ರತಿ ವರ್ಷ ಆಗಸ್ಟ್ ತಿಂಗಳ ಸುಡುಬಿಸಿಲಿನಲ್ಲಿ ಪ್ರೌಢಶಾಲಾ ಹುಡುಗರ ರಾಷ್ಟ್ರೀಯ ಬೇಸ್‌ಬಾಲ್ ಪಂದ್ಯಾವಳಿ ನಡೆಯುತ್ತದೆ. 1915ರಲ್ಲಿ ಆರಂಭವಾದ ಈ ಪಂದ್ಯಾವಳಿಗೆ 1924ರಿಂದ ಕೊಶಿಯೆನ್ ಕ್ರೀಡಾಂಗಣವೇ ನೆಲೆ. ಸಾವಿರಾರು ಶಾಲೆಗಳು ತಮ್ಮ ತಮ್ಮ ಪ್ರಾಂತಗಳಲ್ಲಿ ಸೆಣಸಿದ ಮೇಲೆ ಸಾಮಾನ್ಯವಾಗಿ 49 ತಂಡಗಳು ಇಲ್ಲಿಗೆ ಬರುತ್ತವೆ. ಇದು ನಾಕೌಟ್ ಪದ್ಧತಿಯ ಪಂದ್ಯಾವಳಿ. ಒಮ್ಮೆ ಸೋತರೆ ಮುಗಿಯಿತು, ಗಂಟುಮೂಟೆ ಕಟ್ಟಬೇಕು. ಹಾಗೆ ಸೋತ ಹುಡುಗರು ಮೈದಾನದ ಅಂಚಿನಲ್ಲಿ ಮೊಣಕಾಲೂರಿ, ಅಳುತ್ತಳುತ್ತಲೇ ಅಲ್ಲಿನ ಮಣ್ಣನ್ನು ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಆ ಮಣ್ಣು ಅವರೊಡನೆ ಊರಿಗೆ ಹೋಗುತ್ತದೆ. ಪತಾಕೆ ಗೆದ್ದ ತಂಡಕ್ಕೆ, ಮಣ್ಣು ಸೋತವರಿಗೆ. 1968ರಲ್ಲಿ ನಡೆದ 50ನೆಯ ಪಂದ್ಯಾವಳಿಯನ್ನು ಕುರಿತು ಹೆಸರಾಂತ ನಿರ್ದೇಶಕ ಕೊನ್ ಇಚಿಕಾವಾ ಒಂದು ಸಾಕ್ಷ್ಯಚಿತ್ರ ತೆಗೆದರು. ಅದರ ಹೆಸರು ‘ಸೇಶುನ್’. ಹಾಗೆಂದರೆ ಯೌವನ.

ಇಲ್ಲಿ ಒಂದು ಸರಳ ಲೆಕ್ಕವಿದೆ. 49 ತಂಡಗಳಲ್ಲಿ 48 ತಂಡಗಳ ಕೊನೆಯ ಆಟ ಸೋತ ಆಟವೇ ಆಗಿರುತ್ತದೆ. ಒಂದು ತಂಡ ಮಾತ್ರ ಗೆದ್ದು ಮನೆಗೆ ಹೋಗುತ್ತದೆ. ಆಟ ಯಾವುದಾದರೂ, ದೇಶ ಯಾವುದಾದರೂ ನಾಕೌಟ್ ಪಂದ್ಯಾವಳಿಯ ಲೆಕ್ಕ ಇಷ್ಟೇ. ಅಂದರೆ ಆಟವಾಡಿದ ಬಹುಪಾಲು ಜನರ ನೆನಪಿನಲ್ಲಿ ಉಳಿಯುವ ಕೊನೆಯ ದೃಶ್ಯ ಸೋಲಿನದು. ಶಾಲೆಯ ಓಟದ ಸ್ಪರ್ಧೆಯಲ್ಲಿ ಐದನೆಯವರಾಗಿ ಬಂದವರು, ತಾಲ್ಲೂಕು ಮಟ್ಟದ ಕಬಡ್ಡಿಯಲ್ಲಿ ಮೊದಲ ಸುತ್ತಿಗೇ ಹೊರಬಿದ್ದವರು, ಇವರೇ ಲೋಕದಲ್ಲಿ ಹೆಚ್ಚು. ಗೆಲುವಿನ ಸಿನಿಮಾ ಇವರಿಗೆ ಒಂದು ಕನಸನ್ನು ಕೊಡುತ್ತದೆ. ಸೋಲಿನ ಸಿನಿಮಾ ಇವರಿಗೆ ಇವರದೇ ಅನುಭವವನ್ನು ಹಿಂದಿರುಗಿಸುತ್ತದೆ.

ಆದರೆ ಇದಿಷ್ಟೇ ಕಾರಣವಾಗಿದ್ದರೆ ಇಂಥ ಚಿತ್ರಗಳು ಕೇವಲ ಅನುಕಂಪದ ಚಿತ್ರಗಳಾಗುತ್ತಿದ್ದವು. ಕಣ್ಣೊರೆಸಿಕೊಂಡು ಹೊರಬಂದವರು ಬಸ್ ನಿಲ್ದಾಣ ತಲುಪುವಷ್ಟರಲ್ಲಿ ಅವನ್ನು ಮರೆಯುತ್ತಿದ್ದರು. ಹಾಗಾಗಿಲ್ಲ. ಆಟದಲ್ಲಿ ಸೋತ ಹುಡುಗರ ಕಥೆಗಳು ದಶಕಗಳ ನಂತರವೂ ನೋಡುಗರನ್ನು ಹಿಡಿದಿವೆ. ಇದಕ್ಕೆ ಬೇರೊಂದು ಕಾರಣವಿರಬೇಕು.

ಎರಡು ಲೆಕ್ಕದ ಪುಸ್ತಕ

ಮೈದಾನದ ಸ್ಕೋರ್ ಬೋರ್ಡಿಗೆ ಗೊತ್ತಿರುವುದು ಒಂದೇ ಲೆಕ್ಕ. ಯಾರು ಎಷ್ಟು ಓಡಿದರು, ಎಷ್ಟು ಹೊಡೆದರು ಎಂಬುದಷ್ಟೇ ಅದರಲ್ಲಿ ಬರುತ್ತದೆ. ಮುಂಜಾನೆಯ ಕತ್ತಲಲ್ಲಿ ಎದ್ದದ್ದು, ಹರಿದ ಬೂಟಿಗೆ ಹೊಲಿಗೆ ಹಾಕಿಸಿದ್ದು, ತರಬೇತುದಾರರಿಂದ ಬೈಸಿಕೊಂಡದ್ದು, ಮನೆಯಲ್ಲಿ ಹಾಲಿನ ದುಡ್ಡು ಉಳಿಸಿದ್ದು ಅದರ ಲೆಕ್ಕಕ್ಕೆ ಸೇರುವುದಿಲ್ಲ. ಸಿನಿಮಾ ಮಾಡುವ ಕೆಲಸ ಇದಕ್ಕೆ ತದ್ವಿರುದ್ಧವಾದುದು. ಎರಡು ಗಂಟೆಯ ಚಿತ್ರದಲ್ಲಿ ಒಂದೂವರೆ ಗಂಟೆ ಈ ಲೆಕ್ಕಕ್ಕೆ ಬಾರದ ಸಂಗತಿಗಳಿಗೇ ಮೀಸಲು. ಆದ್ದರಿಂದ ಪಂದ್ಯದ ಫಲಿತಾಂಶ ಬರುವ ಹೊತ್ತಿಗೆ ಪ್ರೇಕ್ಷಕರ ಕೈಯಲ್ಲಿ ಬೇರೊಂದು ಲೆಕ್ಕದ ಪುಸ್ತಕ ಇರುತ್ತದೆ. ನಾಯಕ ಗೆದ್ದರೆ ಎರಡೂ ಪುಸ್ತಕಗಳ ಮೊತ್ತ ಒಂದೇ ಆಗಿ, ಎರಡನೆಯದು ಇತ್ತೆಂಬುದೇ ಮರೆತುಹೋಗುತ್ತದೆ. ಸೋತಾಗ ಮಾತ್ರ ಎರಡೂ ಬೇರೆ ಬೇರೆಯೆಂದು ತಿಳಿಯುತ್ತದೆ.

1976ರ ಅಮೆರಿಕನ್ ಚಿತ್ರ ‘ರಾಕಿ’ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಸಿಲ್ವೆಸ್ಟರ್ ಸ್ಟಲೋನ್ ಬರೆದು ನಟಿಸಿದ, ಜಾನ್ ಅವಿಲ್ಡ್‌ಸನ್ ನಿರ್ದೇಶಿಸಿದ ಈ ಚಿತ್ರ ಆ ವರ್ಷದ ಶ್ರೇಷ್ಠ ಚಿತ್ರವೆಂದು ಆಸ್ಕರ್ ಪಡೆಯಿತು. ಫಿಲಡೆಲ್ಫಿಯಾದ ಬಡ ಬಡಾವಣೆಯ ಬಾಕ್ಸರ್ ರಾಕಿ, ಬಡ್ಡಿ ವ್ಯಾಪಾರಿಯೊಬ್ಬನ ಪರವಾಗಿ ವಸೂಲಿ ಮಾಡಿ ಹೊಟ್ಟೆ ಹೊರೆಯುವವನು. ಹದಿಹರೆಯ ದಾಟಿದೆ, ಯೌವನ ಕೈಜಾರುತ್ತಿದೆ ಎಂಬ ಅಳುಕು ಅವನಿಗೆ ಹತ್ತಿದೆ. ಅಚಾನಕ್ಕಾಗಿ ವಿಶ್ವ ಚಾಂಪಿಯನ್ ಜೊತೆ ಸೆಣಸುವ ಅವಕಾಶ ಒದಗುತ್ತದೆ. ಪಂದ್ಯದ ಹಿಂದಿನ ರಾತ್ರಿ ತಾನು ಗೆಲ್ಲಲಾರೆನೆಂಬುದು ಅವನಿಗೆ ಖಚಿತವಾಗುತ್ತದೆ. ಆಗ ಅವನು ತನ್ನ ಗುರಿಯನ್ನೇ ಬದಲಿಸಿಕೊಳ್ಳುತ್ತಾನೆ. ಹದಿನೈದು ಸುತ್ತುಗಳ ಕೊನೆಯಲ್ಲೂ ಕಾಲ ಮೇಲೆ ನಿಂತಿದ್ದರೆ ಸಾಕು, ತಾನು ಬೀದಿಯ ಪೋಕರಿಯಲ್ಲ ಎಂದು ತನಗೆ ಗೊತ್ತಾಗುತ್ತದೆ ಎನ್ನುವುದು ಅವನ ಹೊಸ ಗುರಿ. ಅವನು ನಿಲ್ಲುತ್ತಾನೆ, ತೀರ್ಪುಗಾರರ ಅಂಕಗಳಲ್ಲಿ ಸೋಲುತ್ತಾನೆ. ಗಮನಿಸಬೇಕಾದದ್ದೆಂದರೆ, ತೀರ್ಪು ಪ್ರಕಟವಾಗುವ ಗಳಿಗೆಯಲ್ಲಿ ಅವನು ಅದನ್ನು ಕೇಳಿಸಿಕೊಳ್ಳುತ್ತಲೇ ಇಲ್ಲ. ಗದ್ದಲದ ನಡುವೆ ತಾನು ಪ್ರೀತಿಸುವ ಹೆಣ್ಣಿನ ಹೆಸರು ಹಿಡಿದು ಕೂಗುತ್ತಿದ್ದಾನೆ. ನಿರ್ದೇಶಕರು ತೀರ್ಪನ್ನು ಹಿನ್ನೆಲೆಯ ಸದ್ದಾಗಿಸಿಬಿಟ್ಟಿದ್ದಾರೆ. 1979ರ ಎರಡನೆಯ ಭಾಗದಲ್ಲಿ ರಾಕಿ ಅದೇ ಚಾಂಪಿಯನ್ನನ್ನು ಸೋಲಿಸುತ್ತಾನೆ. ಆದರೂ ಮನಸ್ಸಿನಲ್ಲಿ ಉಳಿಯುವುದು ಸೋತ ರಾಕಿಯೇ.

ಈ ಆಟ ಯಾರದು?

ಶ್ರಮ ಬೇರೆ, ಫಲ ಬೇರೆ ಎಂದು ತೋರಿಸುವುದು ಸೋಲಿನ ಚಿತ್ರದ ಮೊದಲ ಕೆಲಸ. ಎರಡನೆಯ ಕೆಲಸ ಇನ್ನೂ ಕಠಿಣವಾದುದು. ಗೆಲುವಿಗೆ ಪಾಲುದಾರರು ಹಲವರು. ಶಾಲೆ, ಊರು, ದೇಶ, ಅಪ್ಪ, ಕೋಚ್ ಎಲ್ಲರೂ ಹಾರಕ್ಕೆ ಕೊರಳೊಡ್ಡುತ್ತಾರೆ. ಸೋಲು ಬಂದಾಗ ಹುಡುಗ ಒಬ್ಬನೇ ಉಳಿಯುತ್ತಾನೆ. ಆಗ ಒಂದು ಪ್ರಶ್ನೆ ಏಳುತ್ತದೆ. ಇಷ್ಟು ದಿನ ಅವನು ಬೆವರು ಸುರಿಸಿದ್ದು ಯಾರಿಗಾಗಿ?

‘ರಾಕಿ’ ಬಂದ 1976ರಲ್ಲೇ ಮೈಕೆಲ್ ರಿಚಿ ನಿರ್ದೇಶನದ ‘ದಿ ಬ್ಯಾಡ್ ನ್ಯೂಸ್ ಬೇರ್ಸ್’ ಎಂಬ ಹಾಸ್ಯಚಿತ್ರ ತೆರೆಕಂಡಿತು. ಎಲ್ಲ ತಂಡಗಳೂ ಬೇಡವೆಂದ ಮಕ್ಕಳನ್ನೆಲ್ಲ ಒಟ್ಟುಮಾಡಿ ಕಟ್ಟಿದ ಬೇಸ್‌ಬಾಲ್ ತಂಡ. ಅದಕ್ಕೆ ಈಜುಕೊಳ ತೊಳೆದು ಬದುಕುವ ಒಬ್ಬ ಕುಡುಕ ಕೋಚ್. ವಾಲ್ಟರ್ ಮ್ಯಾಥೌ ಈ ಪಾತ್ರ ಮಾಡಿದ್ದಾರೆ. ತಂಡ ಹೇಗೋ ಏಳಿಗೆಗೆ ಬಂದು ಅಂತಿಮ ಪಂದ್ಯ ತಲುಪುತ್ತದೆ. ಅಲ್ಲಿ ಎದುರಾಳಿ ತಂಡದ ಕೋಚ್, ತನ್ನ ಮಾತು ಮೀರಿ ಚೆಂಡೆಸೆದ ಸ್ವಂತ ಮಗನ ಕೆನ್ನೆಗೆ ಎಲ್ಲರೆದುರೇ ಹೊಡೆಯುತ್ತಾನೆ. ಅವಮಾನಿತನಾದ ಹುಡುಗ ಮುಂದಿನ ಎಸೆತದಲ್ಲಿ ತನ್ನತ್ತ ಬಂದ ಚೆಂಡನ್ನು ಕೈಯಲ್ಲೇ ಹಿಡಿದು ಸುಮ್ಮನೆ ನಿಲ್ಲುತ್ತಾನೆ. ಎದುರಾಳಿ ಹುಡುಗ ಸುತ್ತು ಹಾಕಿ ರನ್ ಗಳಿಸುವವರೆಗೆ ಕಾದು, ಆಮೇಲೆ ಮೈದಾನ ಬಿಟ್ಟು ನಡೆಯುತ್ತಾನೆ. ಇದನ್ನು ಕಂಡ ಕುಡುಕ ಕೋಚ್‌ಗೆ ತಾನೂ ಗೆಲುವಿನ ಹಂಬಲದಲ್ಲಿ ಮಕ್ಕಳನ್ನು ಹಿಂಸಿಸುತ್ತಿದ್ದೇನೆಂಬ ಅರಿವಾಗುತ್ತದೆ. ಅಲ್ಲಿಯವರೆಗೆ ಬೆಂಚು ಕಾಯುತ್ತಿದ್ದ ದುರ್ಬಲ ಹುಡುಗರನ್ನೆಲ್ಲ ಆಡಲು ಇಳಿಸುತ್ತಾನೆ. ತಂಡ ಒಂದೇ ರನ್ನಿನಿಂದ ಸೋಲುತ್ತದೆ. ಆದರೆ ದೊಡ್ಡವರ ಕೈಯಲ್ಲಿ ಸಿಕ್ಕಿಬಿದ್ದಿದ್ದ ಆಟ ಮಕ್ಕಳಿಗೆ ಮರಳಿ ಸಿಕ್ಕಿದೆ. ಸೋತ ಮಕ್ಕಳು ತಲೆ ತಗ್ಗಿಸುವುದಿಲ್ಲ. ಮುಂದಿನ ವರ್ಷ ನೋಡಿಕೊಳ್ಳುತ್ತೇವೆಂದು ಗೆದ್ದವರಿಗೇ ಸವಾಲು ಹಾಕುತ್ತಾರೆ.

ಇದಕ್ಕೂ ಮೊದಲೇ, 1962ರಲ್ಲಿ, ಬ್ರಿಟನ್ನಿನ ಚಿತ್ರವೊಂದು ಇದೇ ಪ್ರಶ್ನೆಯನ್ನು ತುದಿಯವರೆಗೆ ಒಯ್ದಿತ್ತು. ಆಲನ್ ಸಿಲಿಟೊ ಅವರ ಕಥೆಯನ್ನು ಆಧರಿಸಿ ಟೋನಿ ರಿಚರ್ಡ್‌ಸನ್ ನಿರ್ದೇಶಿಸಿದ ‘ದಿ ಲೋನ್ಲಿನೆಸ್ ಆಫ್ ದಿ ಲಾಂಗ್ ಡಿಸ್ಟೆನ್ಸ್ ರನ್ನರ್’ ಅದು. ಬೇಕರಿಯಲ್ಲಿ ಹಣ ಕದ್ದ ಕಾರ್ಮಿಕನ ಮಗ ಕಾಲಿನ್ ಸ್ಮಿತ್ ಬಾಲಾಪರಾಧಿಗಳ ಸುಧಾರಣಾ ಶಾಲೆ ಸೇರಿದ್ದಾನೆ. ಅವನ ಕಾಲುಗಳಲ್ಲಿ ಓಟದ ಶಕ್ತಿಯಿದೆ. ಸಂಸ್ಥೆಯ ಮುಖ್ಯಸ್ಥನಿಗೆ ಅದರ ಮೇಲೆ ಕಣ್ಣು; ಶ್ರೀಮಂತರ ಮಕ್ಕಳ ಶಾಲೆಯೊಂದಿಗಿನ ದೂರದ ಓಟದಲ್ಲಿ ಈ ಹುಡುಗ ಗೆದ್ದರೆ ಸಂಸ್ಥೆಗೆ ಹೆಸರು. ಅಭ್ಯಾಸಕ್ಕೆಂದು ಮುಂಜಾನೆ ಗೇಟಿನಾಚೆ ಒಬ್ಬನೇ ಓಡುವ ಸ್ವಾತಂತ್ರ್ಯ ಕಾಲಿನ್‌ಗೆ ಸಿಗುತ್ತದೆ. ಚಿತ್ರದ ಅತ್ಯಂತ ಹಗುರವಾದ, ಸಂತೋಷದ ಭಾಗ ಆ ಮುಂಜಾನೆಯ ಓಟಗಳೇ. ಸ್ಪರ್ಧೆಯ ದಿನ ಅವನು ಎಲ್ಲರಿಗಿಂತ ಬಹಳ ಮುಂದಿದ್ದಾನೆ. ಗುರಿಯ ಗೆರೆ ಕೆಲವೇ ಹೆಜ್ಜೆ ದೂರವಿದೆ. ಅಲ್ಲಿ ಅವನು ನಿಂತುಬಿಡುತ್ತಾನೆ. ಜನ ಕೂಗುತ್ತಾರೆ. ಅವನು ಮುಖ್ಯಸ್ಥನ ಮುಖ ನೋಡುತ್ತ ನಿಂತೇ ಇರುತ್ತಾನೆ. ಹಿಂದಿನಿಂದ ಬಂದ ಹುಡುಗ ಗೆರೆ ದಾಟುತ್ತಾನೆ. ಕಾಲಿನ್ ಮತ್ತೆ ಸಂಸ್ಥೆಯ ಕಾರ್ಯಾಗಾರದ ದುಡಿಮೆಗೆ ಮರಳುತ್ತಾನೆ. ಗೆಲುವು ಮುಖ್ಯಸ್ಥನದಾಗುತ್ತಿತ್ತು, ಓಟ ಮಾತ್ರ ತನ್ನದೇ ಆಗಿ ಉಳಿಯಲಿ ಎಂಬುದು ಅವನ ಹಟ. ಅದು ಸರಿಯೋ ತಪ್ಪೋ ಎಂದು ಪ್ರೇಕ್ಷಕರು ಇಂದಿಗೂ ವಾದಿಸಬಹುದು. ಆದರೆ ಪ್ರಶ್ನೆ ಇಷ್ಟು ನೇರವಾಗಿ ಬೇರೆಲ್ಲೂ ಬಂದಿಲ್ಲ.

ಹೆಗಲ ಮೇಲಿನ ದೇಶ

ಕಾಲಿನ್ ಕಲ್ಪನೆಯ ಹುಡುಗ. ನಿಜ ಜೀವನದ ಯುವಕರಿಗೆ ಹೀಗೆ ನಿಂತುಬಿಡುವ ಅನುಕೂಲ ಇರುವುದಿಲ್ಲ. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್ ನಡೆದಾಗ ಅದರ ಅಧಿಕೃತ ಚಿತ್ರ ತೆಗೆದವರು ಆಗಲೇ ಹೇಳಿದ ಇಚಿಕಾವಾ. 1965ರಲ್ಲಿ ಬಂದ ‘ಟೋಕಿಯೊ ಒಲಿಂಪಿಯಾಡ್’ ಪದಕಗಳ ಪಟ್ಟಿಯಂತೆ ಇಲ್ಲ. ದೇಶದ ಸಾಧನೆಯ ದಾಖಲೆ ನಿರೀಕ್ಷಿಸಿದ್ದವರಿಗೆ ಇದರಿಂದ ಅಸಮಾಧಾನವೂ ಆಯಿತು. ಇಚಿಕಾವಾ ಅವರ ಕ್ಯಾಮೆರಾ ಹುಡುಕಿಕೊಂಡು ಹೋದದ್ದು ದಣಿದ ಮುಖಗಳನ್ನು, ಎಡವಿದ ಕಾಲುಗಳನ್ನು. 1960ರಲ್ಲಷ್ಟೇ ಸ್ವತಂತ್ರವಾದ ಆಫ್ರಿಕಾದ ಚಾಡ್ ದೇಶದಿಂದ ಬಂದ ಅಹಮದ್ ಇಸಾ ಎಂಬ ಓಟಗಾರನನ್ನು ಚಿತ್ರ ಬಿಡದೆ ಹಿಂಬಾಲಿಸುತ್ತದೆ. ಭಾಷೆ ಬಾರದ ಊರಿನಲ್ಲಿ ಅವನು ಒಬ್ಬನೇ ಊಟಕ್ಕೆ ಕೂರುತ್ತಾನೆ. 800 ಮೀಟರ್ ಓಟದ ಸೆಮಿಫೈನಲ್‌ನಲ್ಲಿ ಸೋತು ಹೊರಬೀಳುತ್ತಾನೆ. ಫಲಿತಾಂಶದ ಪಟ್ಟಿಯಲ್ಲಿ ಒಂದು ಸಾಲಿಗೂ ಬಾರದ ಯುವಕ ಚಿತ್ರದ ಮುಖ್ಯ ಪಾತ್ರಗಳಲ್ಲೊಬ್ಬನಾಗಿದ್ದಾನೆ.

ಅದೇ ಚಿತ್ರದಲ್ಲಿ ಮ್ಯಾರಥಾನ್ ಓಟದ ದೀರ್ಘ ಭಾಗವಿದೆ. ಇಥಿಯೋಪಿಯಾದ ಅಬೆಬೆ ಬಿಕಿಲಾ ಎಲ್ಲರನ್ನೂ ಹಿಂದೆ ಹಾಕಿ ಗೆದ್ದರು. ಎರಡನೆಯವರಾಗಿ ಕ್ರೀಡಾಂಗಣ ಪ್ರವೇಶಿಸಿದವರು ಜಪಾನಿನ 24 ವರ್ಷದ ಯೋಧ ಕೊಕಿಚಿ ತ್ಸುಬುರಾಯಾ. ತುಂಬಿದ ಕ್ರೀಡಾಂಗಣ ಅವರಿಗಾಗಿ ಕೂಗುತ್ತಿತ್ತು. ಕೊನೆಯ ಸುತ್ತಿನಲ್ಲಿ ಬ್ರಿಟನ್ನಿನ ಬೇಸಿಲ್ ಹೀಟ್ಲಿ ಅವರನ್ನು ದಾಟಿ ಹೋದರು. ತ್ಸುಬುರಾಯಾ ಅವರಿಗೆ ಕಂಚು. ಆ ಒಲಿಂಪಿಕ್ಸ್‌ನ ಅಥ್ಲೆಟಿಕ್ಸ್‌ನಲ್ಲಿ ಜಪಾನಿಗೆ ಬಂದ ಒಂದೇ ಒಂದು ಪದಕ ಅದು. ಆದರೂ ಅದನ್ನು ಅವರು ತಮ್ಮ ಸಾಧನೆಯೆಂದು ಎಣಿಸಲಿಲ್ಲ. ದೇಶದ ಜನರ ಕಣ್ಣೆದುರು ಮಾಡಿದ ತಪ್ಪೆಂದು ಎಣಿಸಿದರು, ಮೆಕ್ಸಿಕೊದಲ್ಲಿ ಅದನ್ನು ತೀರಿಸುವ ಸಂಕಲ್ಪ ಮಾಡಿದರು. ಮುಂದೆ ಗಾಯಗಳು ಕಾಡಿದವು. 1968ರ ಜನವರಿಯಲ್ಲಿ, ಮೆಕ್ಸಿಕೊ ಒಲಿಂಪಿಕ್ಸ್‌ಗೆ ಕೆಲವೇ ತಿಂಗಳುಗಳಿರುವಾಗ, ಅವರು ತಮ್ಮ ಜೀವ ತಾವೇ ಕಳೆದುಕೊಂಡರು. ಒಂದು ಸಾವಿಗೆ ಒಂದೇ ಕಾರಣ ಹೇಳುವುದು ಸರಿಯಲ್ಲ. ಆದರೆ ಕ್ರೀಡಾಂಗಣದಲ್ಲಿ ಒಬ್ಬ ಯುವಕನ ಮುಖದ ಮೇಲೆ ದೇಶದ ನಿರೀಕ್ಷೆ ಎಷ್ಟು ಭಾರವಾಗಿ ಕೂತಿತ್ತು ಎಂಬುದು ಆ ಚಿತ್ರ ನೋಡಿದವರಿಗೆ ತಿಳಿಯುತ್ತದೆ.

ಮೈದಾನದಾಚೆಯ ಸೋಲು

ಕೆಲವು ಸೋಲುಗಳು ಮೈದಾನದಲ್ಲಿ ಆಗುವುದೇ ಇಲ್ಲ. 1994ರಲ್ಲಿ ಬಂದ ಅಮೆರಿಕದ ಸಾಕ್ಷ್ಯಚಿತ್ರ ‘ಹೂಪ್ ಡ್ರೀಮ್ಸ್’ ಇದನ್ನು ತೋರಿಸಿತು. ಷಿಕಾಗೊ ನಗರದ ಬಡ ಕಪ್ಪುಜನರ ಬಡಾವಣೆಗಳ ಇಬ್ಬರು ಹುಡುಗರು, ವಿಲಿಯಂ ಗೇಟ್ಸ್ ಮತ್ತು ಆರ್ಥರ್ ಏಜಿ. ಇಬ್ಬರಿಗೂ ಬ್ಯಾಸ್ಕೆಟ್‌ಬಾಲ್‌ನಲ್ಲಿ ದೊಡ್ಡ ಆಟಗಾರರಾಗುವ ಕನಸು. ಹದಿನಾಲ್ಕರ ವಯಸ್ಸಿನಿಂದ ಸುಮಾರು ಐದು ವರ್ಷ ನಿರ್ದೇಶಕ ಸ್ಟೀವ್ ಜೇಮ್ಸ್ ಮತ್ತು ಸಂಗಡಿಗರು ಅವರ ಬೆನ್ನಿಗೆ ನಿಂತು ಚಿತ್ರೀಕರಿಸಿದರು. ಸುಮಾರು 250 ಗಂಟೆಗಳ ಚಿತ್ರಣವನ್ನು ಮೂರು ಗಂಟೆಯೊಳಗಿನ ಚಿತ್ರವಾಗಿ ಇಳಿಸಿದರು. ದೂರದ ಉಪನಗರದ ಖಾಸಗಿ ಶಾಲೆಯೊಂದು ಇಬ್ಬರನ್ನೂ ಆಟಕ್ಕಾಗಿ ಸೇರಿಸಿಕೊಳ್ಳುತ್ತದೆ. ಆರ್ಥರ್‌ನ ಮನೆಯವರಿಗೆ ಶುಲ್ಕ ಕಟ್ಟಲಾಗದೆ ಅವನು ಹೊರಬೀಳುತ್ತಾನೆ. ಮನೆಯ ವಿದ್ಯುತ್ ಸಂಪರ್ಕವೂ ಕಡಿತವಾಗುತ್ತದೆ. ವಿಲಿಯಂನ ಮಂಡಿ ಮುರಿದು ಶಸ್ತ್ರಚಿಕಿತ್ಸೆಗಳಾಗುತ್ತವೆ. ಮುಂದೆ ಇಬ್ಬರೂ ಕಾಲೇಜು ಸೇರುತ್ತಾರೆ, ಆದರೆ ಅಮೆರಿಕದ ಅಗ್ರ ವೃತ್ತಿಪರ ಲೀಗ್ ಎನ್‌ಬಿಎನಲ್ಲಿ ಇಬ್ಬರೂ ಆಡಲಿಲ್ಲ.

ಹಾಗಾದರೆ ನೋಡುಗರನ್ನು ಹಿಡಿದಿಡುವುದು ಯಾವುದು? ಚಿತ್ರದ ನಡುವೆ ಆರ್ಥರ್‌ನ ತಾಯಿ ಶೀಲಾ ನರ್ಸಿಂಗ್ ಸಹಾಯಕರ ತರಬೇತಿ ಮುಗಿಸಿ, ತರಗತಿಗೇ ಮೊದಲಿಗರಾಗಿ ಉತ್ತೀರ್ಣರಾಗುವ ದೃಶ್ಯವಿದೆ. ಸಣ್ಣ ಕೋಣೆ, ಬೆರಳೆಣಿಕೆಯ ಜನ, ಚಪ್ಪಾಳೆಯೂ ಕಡಿಮೆ. ತಡೆಯಲಾರದೆ ಅವರು ಅಳುತ್ತಾರೆ. ಎಷ್ಟೋ ಪಂದ್ಯಗಳಿಗಿಂತ ಈ ದೃಶ್ಯ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. ಒಂದು ಮನೆಯಲ್ಲಿ ದುಡಿಯುವವನು ಆಟಗಾರ ಹುಡುಗನೊಬ್ಬನೇ ಅಲ್ಲ ಎಂಬುದನ್ನು ಚಿತ್ರ ಅಲ್ಲಿ ಹೇಳಿಬಿಡುತ್ತದೆ.

ಗೆಲ್ಲಿಸದೆ ಬಿಡದ ಪರದೆ

ಭಾರತದ ಕ್ರೀಡಾ ಚಿತ್ರಗಳು ಹಿಡಿದಿರುವುದು ಬಹುಮಟ್ಟಿಗೆ ಬೇರೆ ದಾರಿ. 2001ರ ‘ಲಗಾನ್’ ಕೊನೆಯ ಚೆಂಡಿನ ಸಿಕ್ಸರ್‌ನಿಂದ ಮುಗಿಯುತ್ತದೆ. 2005ರ ‘ಇಕ್ಬಾಲ್’ನ ಮಾತು ಬಾರದ, ಕಿವಿ ಕೇಳದ ಹುಡುಗ ದೇಶದ ತಂಡ ಸೇರುತ್ತಾನೆ. 2007ರ ‘ಚಕ್ ದೇ! ಇಂಡಿಯಾ’ದಲ್ಲಿ ಸೋಲು ಆರಂಭದಲ್ಲೇ ಬಂದುಹೋಗುತ್ತದೆ, ವಿಶ್ವಕಪ್ ಕೊನೆಗೆ ಕೈಗೆ ಬರುತ್ತದೆ. 2013ರ ‘ಭಾಗ್ ಮಿಲ್ಖಾ ಭಾಗ್’ ಇನ್ನೂ ಕುತೂಹಲಕರ. 1960ರ ರೋಮ್ ಒಲಿಂಪಿಕ್ಸ್‌ನ 400 ಮೀಟರ್ ಓಟದಲ್ಲಿ ಮಿಲ್ಖಾ ಸಿಂಗ್ ನಾಲ್ಕನೆಯವರಾದದ್ದು ಭಾರತೀಯ ಕ್ರೀಡೆಯ ಅತಿ ಪ್ರಸಿದ್ಧ ಸೋಲುಗಳಲ್ಲೊಂದು. ಚಿತ್ರ ಅದರಿಂದ ಆರಂಭವಾದರೂ ಮುಗಿಯುವುದು ಪಾಕಿಸ್ತಾನದಲ್ಲಿ ಅವರು ಗೆದ್ದ ಓಟದಿಂದ. ರೋಮ್‌ನಲ್ಲಿ ಸೋತ ಓಟದಲ್ಲಿ ಮಿಲ್ಖಾ ದಾಖಲಿಸಿದ ಕಾಲ 1998ರವರೆಗೂ ಭಾರತದ ದಾಖಲೆಯಾಗಿ ನಿಂತಿತ್ತು ಎಂಬುದನ್ನು ನೆನೆದರೆ, ಆ ಸೋಲಿನೊಳಗೇ ಒಂದು ಇಡೀ ಚಿತ್ರಕ್ಕಾಗುವಷ್ಟು ದ್ರವ್ಯವಿತ್ತು ಎನ್ನಬೇಕು.

ಇದನ್ನು 2004ರ ಅಮೆರಿಕನ್ ಚಿತ್ರ ‘ಫ್ರೈಡೇ ನೈಟ್ ಲೈಟ್ಸ್’ ಜೊತೆ ಹೋಲಿಸಬಹುದು. ಟೆಕ್ಸಾಸ್‌ನ ಒಡೆಸ್ಸಾ ಪಟ್ಟಣದ ಶಾಲಾ ಫುಟ್‌ಬಾಲ್ ತಂಡ 1988ರಲ್ಲಿ ಸೋತದ್ದು ಸೆಮಿಫೈನಲ್‌ನಲ್ಲಿ. ಚಿತ್ರ ಮಾಡಿದವರು ಅದನ್ನು ಬದಲಿಸಿ, ಅಂತಿಮ ಪಂದ್ಯದಲ್ಲಿ, ಗೆರೆಗೆ ತೀರ ಸಮೀಪದಲ್ಲಿ ಸೋತಂತೆ ತೋರಿಸಿದರು. ಕಥೆಗಾಗಿ ಗೆಲುವನ್ನು ಕಲ್ಪಿಸುವ ಬದಲು ಅವರು ಸೋಲನ್ನೇ ಇನ್ನಷ್ಟು ದೊಡ್ಡದಾಗಿಸಿದರು.

ಭಾರತೀಯ ಚಿತ್ರಗಳನ್ನು ಇದಕ್ಕಾಗಿ ಹಳಿಯಬೇಕಾಗಿಲ್ಲ. ಪದಕಗಳಿಗೆ ಬಹುಕಾಲ ಬರವಿದ್ದ ದೇಶವಿದು. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ ಒಂದು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಅಂತರದಲ್ಲಿ ಕಂಚು ಕಳೆದುಕೊಂಡದ್ದು ಇಡೀ ದೇಶದ ಮನೆಮಾತು. ಮೈದಾನ ಕೊಡದಿದ್ದುದನ್ನು ಪರದೆ ಕೊಡಲಿ ಎಂದು ಜನ ಬಯಸಿದರೆ ಅದು ಸಹಜ. ಆದರೆ ಆ ಬಯಕೆಗೆ ಒಂದು ಬೆಲೆಯಿದೆ. ಶ್ರಮಪಟ್ಟವನು ಗೆದ್ದೇ ಗೆಲ್ಲುತ್ತಾನೆ ಎಂದು ನೂರು ಬಾರಿ ಕೇಳಿದ ಮಗು, ತಾನು ಸೋತಾಗ ತನ್ನ ಶ್ರಮವೇ ಸುಳ್ಳಾಗಿತ್ತು ಎಂದು ನಂಬತೊಡಗುತ್ತದೆ.

ಕನ್ನಡಿಗರಿಗೆ ಸೋತವರನ್ನು ಗೌರವಿಸುವುದು ಹೊಸ ಪಾಠವೇನಲ್ಲ. ಪಂಪನ ‘ವಿಕ್ರಮಾರ್ಜುನ ವಿಜಯ’ದ ಕಥಾನಾಯಕ ಅರ್ಜುನ, ಓದುಗರ ಮನಸ್ಸು ಗೆದ್ದವನು ಕರ್ಣ. ರನ್ನನ ‘ಗದಾಯುದ್ಧ’ದಲ್ಲಿ ವಿಜಯ ಭೀಮನದು, ಕಾವ್ಯ ಮುಚ್ಚಿಟ್ಟ ಮೇಲೂ ಕಾಡುವವನು ದುರ್ಯೋಧನ. ಊರ ಮುಂದೆ ನಿಂತ ವೀರಗಲ್ಲುಗಳು ಕಾಳಗದಲ್ಲಿ ಮಡಿದವರವು. ತುರುಗಳು ಮರಳಿ ಬಂದವೋ ಇಲ್ಲವೋ, ಊರಿನವರು ಕಲ್ಲು ನಿಲ್ಲಿಸಿದ್ದು ಅವನು ಎದುರು ನಿಂತದ್ದಕ್ಕೆ. ಇಂಥ ಪರಂಪರೆಯ ಪ್ರೇಕ್ಷಕರಿಗೆ ಸೋಲಿನಲ್ಲಿ ಮುಗಿಯುವ ಕ್ರೀಡಾ ಚಿತ್ರ ಅರ್ಥವಾಗದೆ ಇರಲಾರದು.

ಹಾಗೆಂದು ಸೋಲನ್ನು ಸಿಂಗರಿಸುವುದೂ ತಪ್ಪಾದೀತು. ಈ ಚಿತ್ರಗಳಲ್ಲಿ ಯಾರಿಗೂ ಫಲ ಬೇಡವಾಗಿಲ್ಲ. ಕೊಶಿಯೆನ್‌ನ ಹುಡುಗ ಮಣ್ಣು ತುಂಬಿಕೊಳ್ಳುವಾಗ ಅಳುವುದು ಪತಾಕೆ ಬೇಕಾಗಿತ್ತೆಂಬ ಕಾರಣಕ್ಕೇ. ಸೋಲು ನೋಯಿಸುತ್ತದೆ, ನೋಯಿಸದ ಸೋಲಿಗೆ ಸಿನಿಮಾದಲ್ಲಾಗಲಿ ಬದುಕಿನಲ್ಲಾಗಲಿ ಅರ್ಥವಿಲ್ಲ. ಮತ್ತೊಂದು ಮಾತು, ಸಿನಿಮಾ ಎರಡು ಗಂಟೆಗೆ ಮುಗಿಯುತ್ತದೆ, ಸೋತವನ ಬದುಕು ಮರುದಿನವೂ ಇರುತ್ತದೆ. ಆ ಮರುದಿನ ಅವನನ್ನು ಕಾಯುವುದು ಸೋಲಿನ ಸೊಗಸಲ್ಲ, ಅವನ ಪಕ್ಕದಲ್ಲಿ ಯಾರಿದ್ದಾರೆ ಎಂಬುದು. ರಾಕಿಗೆ ಅವನು ಹೆಸರು ಹಿಡಿದು ಕೂಗಿದ ಹೆಣ್ಣಿದ್ದಳು. ಬೇಡವಾದ ಮಕ್ಕಳ ತಂಡಕ್ಕೆ ಕೊನೆಗೂ ಕಣ್ಣು ತೆರೆದ ಕೋಚ್ ಇದ್ದ. ಆರ್ಥರ್‌ಗೆ ಶೀಲಾ ಇದ್ದರು.

ಆಟದ ಬಯಲಿನಿಂದ ಮನೆಗೆ ಮರಳುವ ಮಕ್ಕಳಿಗೆ ಬಾಗಿಲಲ್ಲೇ ಎದುರಾಗುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಗೆದ್ದೆಯಾ? ಸ್ಕೋರ್ ಬೋರ್ಡ್ ಆಗಲೇ ಉತ್ತರಿಸಿರುವ ಪ್ರಶ್ನೆ ಅದು. ಹೇಗೆ ಆಡಿದೆ, ಏನಾಯಿತು, ನಾಳೆಯೂ ಹೋಗುತ್ತೀಯಾ ಎಂದು ಕೇಳುವವರು ಕಡಿಮೆ. ಸೋಲಿನ ಕ್ರೀಡಾ ಚಿತ್ರಗಳು ಎರಡು ಗಂಟೆಯ ಕಾಲ ಕುಳಿತು ಕೇಳುವುದು ಈ ಪ್ರಶ್ನೆಗಳನ್ನೇ. ಇಷ್ಟು ದೇಶಗಳಲ್ಲಿ, ಇಷ್ಟು ವರ್ಷ ಜನ ಅವನ್ನು ಮತ್ತೆ ಮತ್ತೆ ನೋಡಿರುವುದಕ್ಕೆ ಬಹುಶಃ ಇದೇ ಕಾರಣ.